ಮಾವ ಅಳಿಯ ಮೀನು ಹಿಡಿದದ್ದು

ಕತ್ತರಿಯಣ್ಣ ಬೇಕೆಂದೇ ಹೇಳಿದ ಸುಳ್ಳಲ್ಲ ಅದು. ಊಟಕ್ಕೆ ಕೂತಿದ್ದಾಗ ಬಾಯಿಂದ ಜಾರಿ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳುವಷ್ಟರಲ್ಲಿ ಮಾವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದರು.

ಕತ್ತರಿಯಣ್ಣ ಎಂದರೆ ಸಲೂನಿನವನು. ಸುತ್ತ ಮರಳು, ಮರಳು ಮುಗಿದಲ್ಲಿ ಕಲ್ಲು, ಕಲ್ಲು ಮುಗಿದಲ್ಲಿ ಮತ್ತೆ ಮರಳು, ಇದರ ನಡುವಿನ ಊರು ಅವನದು. ದೂರದ ಬೆಟ್ಟಗಳಿಂದ ಹೇಗೋ ದಾರಿ ಮಾಡಿಕೊಂಡು ಬಂದ ಒಂದು ನದಿಯನ್ನು ಊರಾಚೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ್ದರು. ಆ ಜಲಾಶಯವೊಂದನ್ನು ಬಿಟ್ಟರೆ ಬೇಸಿಗೆಯಲ್ಲಿ ಆ ಊರಲ್ಲಿ ತಂಪು ಅಂತ ಇದ್ದದ್ದು ಕತ್ತರಿಯಣ್ಣನ ಸಲೂನಿನ ಫ್ಯಾನಿನ ಕೆಳಗೆ ಮಾತ್ರ. ಕೂದಲು ಕತ್ತರಿಸಿಕೊಳ್ಳಲು ಬಂದವರು ಕೆಲಸ ಮುಗಿದ ಮೇಲೂ ಎದ್ದು ಹೋಗಲು ಮನಸ್ಸಿಲ್ಲದೆ, "ಹಿಂದುಗಡೆ ಇನ್ನೊಂದು ಚೂರು ನೋಡು ಮಾರಾಯ" ಎನ್ನುತ್ತಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಊರಿನ ಗಂಡಸರ ತಲೆಗಳೆಲ್ಲ ನುಣ್ಣಗಾಗಿರುತ್ತಿದ್ದವು.

ಅತ್ತೆ ತೀರಿಕೊಂಡ ಮೇಲೆ ಹೆಂಡತಿ ತನ್ನ ಅಪ್ಪನನ್ನು ಈ ಮನೆಗೆ ಕರೆತಂದಿದ್ದಳು. ಮಾವ ಬಸ್ ಕಂಡಕ್ಟರಾಗಿದ್ದವರು. ಬದುಕಿಡೀ "ಮುಂದೆ ಹೋಗಿ, ಇನ್ನೂ ಮುಂದೆ ಹೋಗಿ" ಎಂದು ಕೂಗಿದ ಗಂಟಲು ಅದು. ಅತ್ತೆ ಹೋದ ದಿನದಿಂದ ಆ ಗಂಟಲಿನಿಂದ "ಹೂಂ" ಮತ್ತು "ಉಹೂಂ" ಬಿಟ್ಟು ಬೇರೇನೂ ಹೊರಟಿರಲಿಲ್ಲ. ಊಟಕ್ಕೆ ಕರೆದರೆ ಹೂಂ. ಇನ್ನೊಂದು ಸ್ವಲ್ಪ ಬಡಿಸಲಾ ಎಂದರೆ ಉಹೂಂ. ಉಳಿದ ಹೊತ್ತೆಲ್ಲ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಬರಬೇಕಾದ ಬಸ್ಸೊಂದು ಬರಲಿಲ್ಲವೇನೋ ಎಂಬಂತೆ ರಸ್ತೆ ನೋಡುತ್ತಿದ್ದರು.

ಮಾತಿಲ್ಲದ ಮನೆ ಸಲೂನಿನವನಿಗೆ ಹೇಗೆ ಹಿಡಿಸೀತು? ಅವತ್ತು ಮಧ್ಯಾಹ್ನ ತಟ್ಟೆಯ ಮುಂದೆ ಮಾವ ಅಳಿಯ ಎದುರುಬದುರು ಕೂತಿದ್ದರು. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾವ ತಮ್ಮ ಕಾಲದಲ್ಲಿ ರಜೆಯ ದಿನ ತಪ್ಪದೆ ಮೀನು ಹಿಡಿಯಲು ನದಿಗೆ ಹೋಗುತ್ತಿದ್ದರೆಂದು ಹೆಂಡತಿ ಯಾವಾಗಲೋ ಹೇಳಿದ್ದು ಕತ್ತರಿಯಣ್ಣನಿಗೆ ನೆನಪಾಯಿತು.

"ನಾನೂ ರಜೆ ದಿನ ಮೀನು ಹಿಡಿಯೋಕೆ ಹೋಗ್ತೀನಿ ಮಾವ," ಎಂದುಬಿಟ್ಟ.

ಮಾವನ ಕೈ ತಟ್ಟೆಯ ಮೇಲೆ ನಿಂತಿತು. "ಎಲ್ಲಿ?"

ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿದ್ದ ಸದ್ದಾಯಿತು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಮಾವ ಆಡಿದ ಮೊದಲ ಮಾತು ಅದು.

"ಇಲ್ಲೇ, ನಮ್ಮ ಜಲಾಶಯದಲ್ಲಿ."

"ಈ ಬಿಸಿಲಲ್ಲಿ ಕಚ್ಚುತ್ತವಾ?"

"ಕಚ್ಚೋದೇನು ಮಾವ, ನನಗೇ ಕಾಯ್ತಾ ಇರ್ತವೆ."

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ಗಂಡನನ್ನೇ ನೋಡಿದಳು. ರಜೆಯ ದಿನ ಇವನು ಹಾಸಿಗೆಯಿಂದ ಸೋಫಾಕ್ಕೆ, ಸೋಫಾದಿಂದ ಹಾಸಿಗೆಗೆ ಹೋಗುವುದನ್ನು ಬಿಟ್ಟರೆ ಬೇರೆ ಪ್ರಯಾಣ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ಅಪ್ಪ ಅಷ್ಟರಲ್ಲಿ ಇನ್ನೊಂದು ಸ್ವಲ್ಪ ಬಡಿಸು ಎಂದು ತಟ್ಟೆ ಮುಂದೆ ಚಾಚಿದ್ದರು. ಅವಳು ತುಟಿ ಬಿಗಿಹಿಡಿದು ಬಡಿಸಿದಳು.

ಹೀಗೆ ಕತ್ತರಿಯಣ್ಣ ಮೀನುಗಾರನಾದ.

ಆದ ಮೇಲೆ ಮೀನು ತರಬೇಕಲ್ಲ. ಮುಂದಿನ ರಜೆಯ ದಿನ ನಸುಕಿನಲ್ಲೇ ಚೀಲ ಹೆಗಲಿಗೇರಿಸಿಕೊಂಡು ಹೊರಟವನು ನೇರವಾಗಿ ತನ್ನ ಸಲೂನಿಗೆ ಹೋಗಿ, ಒಳಗಿನಿಂದ ಶಟರ್ ಎಳೆದುಕೊಂಡು, ಗಿರಾಕಿಯ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಚೆನ್ನಾಗಿ ನಿದ್ದೆ ಮಾಡಿದ. ಮಾರ್ಕೆಟ್ ತೆರೆದ ಮೇಲೆ ಎದ್ದು ಹೋಗಿ ಒಂದು ಮೀನು ಕೊಂಡ. ಬೀದಿಯ ನಲ್ಲಿಯಲ್ಲಿ ಪ್ಯಾಂಟನ್ನು ಮೊಣಕಾಲಿನವರೆಗೆ ನೆನೆಸಿಕೊಂಡ. ಆ ಬಿಸಿಲಿಗೆ ಮನೆ ಮುಟ್ಟುವುದರೊಳಗೆ ಅದು ಒಣಗಿ ಗರಿಗರಿಯಾಗಿತ್ತು, ಆ ಮಾತು ಬೇರೆ.

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಮೀನನ್ನು ಕೈಗೆತ್ತಿಕೊಂಡು, ಕಿವಿರು ಬಿಡಿಸಿ ನೋಡಿ, ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ ನೋಡಿದರು. "ಕಿವಿರು ಕೆಂಪಗಿದೆ. ಕಣ್ಣು ಹೊಳೀತಿದೆ. ಒಳ್ಳೇ ಮೀನು ಅಳಿಯಂದಿರೇ."

ಎಂಥ ಅನುಭವಸ್ಥರು ಎಂದುಕೊಂಡು ಕತ್ತರಿಯಣ್ಣ ಒಳಗೊಳಗೇ ನಡುಗಿದ.

ಹೆಂಡತಿ ಮೀನನ್ನು ಇಸಿದುಕೊಂಡಳು. "ಎಷ್ಟು ತಣ್ಣಗಿದೆ ರೀ."

"ಆಳದ ಮೀನು ಅದು. ಬೇಸಿಗೇಲಿ ಮೇಲಿನ ನೀರು ಬಿಸಿಯಾಗುತ್ತೆ ನೋಡು, ಎಲ್ಲ ತಳಕ್ಕಿಳೀತವೆ. ತಳ ತಣ್ಣಗಿರುತ್ತೆ."

"ಅಷ್ಟೊಂದು ತಣ್ಣಗಾ," ಎಂದು ಅವಳು ಮೀನಿನ ರೆಕ್ಕೆಯಡಿ ಸಿಕ್ಕಿಕೊಂಡಿದ್ದ ಐಸಿನ ಚೂರೊಂದನ್ನು ಸದ್ದಿಲ್ಲದೆ ತೆಗೆದು ಸಿಂಕಿಗೆ ಹಾಕಿದಳು.

ಮೀನನ್ನು ದುಡ್ಡು ಕೊಟ್ಟು ತರಬಹುದು, ಮಾತನ್ನು ಎಲ್ಲಿಂದ ತರುವುದು? ಸಂಜೆಯಾದರೆ ಮಾವ ಪ್ರಶ್ನೆ ಕೇಳುತ್ತಿದ್ದರು. ಎಷ್ಟು ಆಳ, ಯಾವ ಹೊತ್ತು, ಗಾಳಕ್ಕೆ ಏನು ಸಿಕ್ಕಿಸಿದಿರಿ. ಕತ್ತರಿಯಣ್ಣನಿಗೆ ತನ್ನ ಸಲೂನೇ ಪಾಠಶಾಲೆಯಾಯಿತು. ಗಿರಾಕಿಯ ಗಲ್ಲಕ್ಕೆ ನೊರೆ ಬಳಿದು, ಕತ್ತಿನ ಹತ್ತಿರ ಕ್ಷೌರದ ಕತ್ತಿ ಇಟ್ಟುಕೊಂಡು, ಮೆಲ್ಲಗೆ "ಮೀನು ಗೀನು ಹಿಡೀತೀರಾ?" ಎನ್ನುತ್ತಿದ್ದ. ಆ ಸ್ಥಿತಿಯಲ್ಲಿ ಯಾರು ತಾನೇ ಗುಟ್ಟು ಬಚ್ಚಿಡುತ್ತಾರೆ?

ಬೆಳಕು ಹರಿಯುವ ಮೊದಲೇ ಗಾಳ ನೀರಲ್ಲಿರಬೇಕು, ಬಿಸಿಲೇರಿದ ಮೇಲೆ ಹೋಗುವವನು ಮೀನಿಗಲ್ಲ, ಆಸ್ಪತ್ರೆಗೆ ಹೋಗೋದು ಎಂದ ಲಾರಿ ಡ್ರೈವರ್. ಹಳೇ ನದಿ ಹರಿಯುತ್ತಿದ್ದ ಜಾಡು ನೀರಿನಡಿ ಇನ್ನೂ ಇದೆ, ಬೇಸಿಗೆಯಲ್ಲಿ ಮೀನೆಲ್ಲ ಅಲ್ಲಿ ಸೇರುತ್ತವೆ ಎಂದ ಮೇಸ್ತ್ರಿ. ಅದೆಲ್ಲ ಸುಳ್ಳು, ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳಿವೆಯಲ್ಲ, ಅವುಗಳ ನೆರಳು ಬಿಟ್ಟು ಕದಲೋದಿಲ್ಲ ಎಂದ ಔಷಧಿ ಅಂಗಡಿಯವನು. ಎರೆಹುಳ ಎಂದ ಒಬ್ಬ. ಹಿಟ್ಟಿನ ಉಂಡೆ ಎಂದ ಇನ್ನೊಬ್ಬ. ಮೂರನೆಯವನು ಕೋಳಿಯ ಈಲಿಯನ್ನು ಬಿಸಿಲಿಗಿಟ್ಟು ಊರೆಲ್ಲ ಮೂಗು ಮುಚ್ಚಿಕೊಳ್ಳುವ ಹಾಗಾದ ಮೇಲೆ ಸಿಕ್ಕಿಸಬೇಕು, ಮೀಸೆಮೀನುಗಳಿಗೆ ಆ ವಾಸನೆ ಎಂದರೆ ಪ್ರಾಣ ಎಂದು ಆಣೆ ಮಾಡಿ ಹೇಳಿದ. ಕತ್ತರಿಯಣ್ಣ ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಎಲ್ಲವನ್ನೂ ಕಲೆಸಿ ಸಂಜೆ ಮಾವನಿಗೆ ಬಡಿಸಿದ.

ಮಾವನೂ ಸುಮ್ಮನಿರಲಿಲ್ಲ. ತಮ್ಮ ನದಿಯ ಕಥೆ ತೆಗೆದರು. ದಾರ ಹರಿದುಕೊಂಡು ಹೋದ ಗೆಂಡೆಮೀನು, ದೋಣಿಯನ್ನೇ ಎಳೆದುಕೊಂಡು ಹೋದ ಇನ್ನೊಂದು. ಹೇಳುತ್ತಾ ಹೇಳುತ್ತಾ ಕಂಡಕ್ಟರ್ ಗಂಟಲು ಮರಳಿ ಬಂತು. ಕಿಟಕಿಯ ಕುರ್ಚಿ ಬಿಟ್ಟು ಸಲೂನಿನ ಬೆಂಚಿಗೆ ಬಂದು ಕೂರತೊಡಗಿದರು. ಗಿರಾಕಿಗಳು ಹೆಚ್ಚಾದರೆ "ಒಳಗೆ ಸರೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಜೋರು ಮಾಡುತ್ತಿದ್ದರು. ಒಂದು ದಿನ ಹೆಂಡತಿ ಊಟದ ಡಬ್ಬಿ ತಂದವಳು ಅಪ್ಪನ ದನಿ ಕೇಳಿ ಹೊರಗೇ ನಿಂತುಬಿಟ್ಟಿದ್ದಳು. ಕತ್ತರಿಯಣ್ಣ ಕನ್ನಡಿಯಲ್ಲಿ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಸಿಲಿಗೆ ಎಂಬಂತೆ ಮುಖವೆಲ್ಲ ಒರೆಸಿಕೊಂಡು ಒಳಗೆ ಬಂದಳು. ಆಮೇಲೆ ನಿಜ ಹೇಳಿಬಿಡುವ ಯೋಚನೆಯನ್ನೇ ಅವನು ಬಿಟ್ಟ.

ಪಕ್ಕದ ಬೇಕರಿಯವನ ಕಿವಿಗೆ ಬಿದ್ದದ್ದು ಊರಿಗೆಲ್ಲ ಬಿದ್ದಂತೆ. ಅವನು ಬನ್ನಿನ ಜೊತೆ ಸುದ್ದಿಯನ್ನೂ ಕಟ್ಟಿಕೊಡುವವನು. ಈ ಬೇಸಿಗೆ ಜಲಾಶಯದಲ್ಲಿ ಮೀನು ಹಿಡಿಯುವ ಗಂಡಸು ಒಬ್ಬನೇ, ಅವನಿಗೂ ಗುರು ಅವನ ಮಾವ ಎಂದು ಹಬ್ಬಿಸಿದ. ಸುದ್ದಿ ಅಣೆಕಟ್ಟಿನ ಸಾಹೇಬರಿಗೂ ಮುಟ್ಟಿತು.

ಸಾಹೇಬರು ಒಂದು ಬೆಳಿಗ್ಗೆ ಕ್ಷೌರಕ್ಕೆ ಬಂದರು. ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟರು. "ಎಷ್ಟು ನೀರು ಬಿಡಬೇಕು, ಎಷ್ಟು ಹಿಡಿದಿಡಬೇಕು ಅಂತ ಹೇಳೋನು ನಾನು. ಆದ್ರೆ ನೀರಿನೊಳಗಿರೋದು ಒಂದೂ ನನ್ನ ಮಾತು ಕೇಳೋದಿಲ್ಲ. ಬೇಸಿಗೆ ಶುರುವಾದಾಗಿನಿಂದ ನನ್ನ ಗಾಳ ಬರಿಗಾಳ. ಮುಂದಿನ ರಜೆ ದಿನ ನಿಮ್ಮಿಬ್ಬರ ಜೊತೆ ನಾನೂ ಬರ್ತೀನಿ. ನೋಡಿ ಕಲೀತೀನಿ."

ಕತ್ತರಿಯಣ್ಣನ ಕತ್ತಿ ಸಾಹೇಬರ ಗಲ್ಲದ ಮೇಲೆ ನಿಂತಲ್ಲೇ ನಿಂತಿತು. ಅವನು ನೆಪ ಹುಡುಕುವ ಮೊದಲೇ ಬೆಂಚಿನಿಂದ ಮಾವ ಹೇಳಿದರು, "ನನಗೆ ಮೊಣಕಾಲು ನೋವು ಸಾಹೇಬರೇ. ಅಳಿಯಂದಿರೊಬ್ಬರು ಬಂದ್ರೆ ಸಾಕು. ಅವರ ಮುಂದೆ ನಾನೇನು."

"ಎಲ್ಲಾದರೂ ಉಂಟಾ ಮಾವ? ಮೊಣಕಾಲು ಸರಿಯಾಗೋವರೆಗೂ ಕಾಯೋಣ. ನಿಮ್ಮನ್ನ ಬಿಟ್ಟು ನಾನು ಗಾಳ ಮುಟ್ಟೋನಲ್ಲ."

"ನನಗೋಸ್ಕರ ನೀವು ಯಾಕೆ ಬಿಡಬೇಕು, ಹೋಗಿ ಬನ್ನಿ."

"ನೀವಿಲ್ಲದೆ ನನಗೆ ಕೈಯೇ ಓಡೋದಿಲ್ಲ ಮಾವ."

ಸಾಹೇಬರ ಕಣ್ಣು ಒದ್ದೆಯಾಯಿತು. "ನಮ್ಮ ಮನೇಲೂ ಒಬ್ಬ ಅಳಿಯ ಇದ್ದಾನೆ," ಎಂದು ಮಾತು ಅಲ್ಲಿಗೇ ನಿಲ್ಲಿಸಿದರು. "ಜೀಪ್ ಮನೆ ಬಾಗಿಲಿಗೇ ತರ್ತೀನಿ. ಮೊಣಕಾಲಿನ ಚಿಂತೆ ಬೇಡ."

ಆ ರಜೆಯ ದಿನ ನಸುಕಿನಲ್ಲಿ ಮೂವರೂ ಜಲಾಶಯದ ದಡ ತಲುಪಿದರು. ಬೇಸಿಗೆಗೆ ನೀರು ಎಷ್ಟೋ ಕೆಳಗಿಳಿದು, ಮೊದಲು ನೀರು ನಿಂತಿದ್ದ ಎತ್ತರಕ್ಕೆ ಬಂಡೆಗಳ ಸುತ್ತ ಬಿಳಿ ಪಟ್ಟಿ ಉಳಿದಿತ್ತು. ದಡದ ಕೆಸರು ಒಣಗಿ ಬಿರಿದಿತ್ತು. ದೋಣಿ ಬಾಡಿಗೆಗೆ ಕೊಡುವ ದೋಣಿಯಮ್ಮ ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಎರೆಹುಳದ ಡಬ್ಬಿ ಕೈಗಿತ್ತು, "ನೆರಳಲ್ಲಿಟ್ಟುಕೊಳ್ಳಿ, ಇಲ್ಲದಿದ್ರೆ ನಿಮಗಿಂತ ಮುಂಚೆ ಅವು ಬೆಂದುಹೋಗ್ತವೆ" ಎಂದಳು. ಬೇಕರಿಯವನು ಮೀನು ಒಯ್ಯಲು ದೊಡ್ಡ ಬಕೆಟ್ ತಂದು ದಡದಲ್ಲಿ ಕೂತಿದ್ದ.

ಸಾಹೇಬರೇ ಹುಟ್ಟು ಹಾಕಿ ದೋಣಿಯನ್ನು ಆಳದ ಕಡೆಗೆ ಒಯ್ದರು. "ಹಳೇ ನದಿಯ ಜಾಡು ಇಲ್ಲೇ. ಶುರು ಮಾಡಿ."

ಡಬ್ಬಿ ತೆರೆಯಿತು. ಒಳಗೆ ಹುಳಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಕತ್ತರಿಯಣ್ಣ ಅದನ್ನು ಭಕ್ತಿಯಿಂದ ಮಾವನ ಮುಂದೆ ಹಿಡಿದ. "ನೀವು ಹಿರಿಯರು ಮಾವ. ಮೊದಲು ನೀವೇ."

"ಇದು ನಿಮ್ಮೂರಿನ ನೀರು ಅಳಿಯಂದಿರೇ. ಮೊದಲು ನೀವು."

"ಛೆ ಛೆ, ಕಲಿಸಿದವರು ನೀವು."

"ಕಲಿತವರು ಮಾಡಿದರೇ ಕಲಿಸಿದವರಿಗೆ ಸಂತೋಷ."

ಡಬ್ಬಿ ಅತ್ತಿಂದಿತ್ತ ಓಡಾಡಿತು. ಸಾಹೇಬರು ಸ್ವಲ್ಪ ಹೊತ್ತು ನೋಡಿ, "ಇಂಥ ಮರ್ಯಾದೆ ಈ ಕಾಲದಲ್ಲಿ ಎಲ್ಲಿದೆ" ಎಂದು ಡಬ್ಬಿ ಕಸಿದುಕೊಂಡು, ಎಲ್ಲರ ಗಾಳಕ್ಕೂ ತಾವೇ ಹುಳ ಸಿಕ್ಕಿಸಿಕೊಟ್ಟರು. ಮಾವ ಕಣ್ಣು ಮುಚ್ಚಿಕೊಂಡು ಗಾಳ ಬೀಸಿದರು. ಅದು ಹೋಗಿ ಸಾಹೇಬರ ಟೋಪಿಗೆ ಸಿಕ್ಕಿಕೊಂಡಿತು.

"ಇದೇನು?" ಎಂದರು ಸಾಹೇಬರು.

"ಗಾಳಿ ಯಾವ ಕಡೆಗಿದೆ ಅಂತ ನೋಡ್ತಿದ್ದಾರೆ," ಎಂದ ಕತ್ತರಿಯಣ್ಣ.

ಸಾಹೇಬರು ತಲೆದೂಗಿ, ಗಾಳವನ್ನು ಟೋಪಿಯಿಂದ ಬಿಡಿಸಿ ನೀರಿಗೆ ಬಿಟ್ಟುಕೊಟ್ಟರು. ದಾರ ತಳ ಮುಟ್ಟುವವರೆಗೂ ಇಳಿಯಿತು. ಆಮೇಲೆ ಏನೂ ಆಗಲಿಲ್ಲ. ಸೂರ್ಯ ಮೇಲೆ ಬಂದ. ದೂರದ ಮರಳು ದಿಬ್ಬಗಳು ಕಣ್ಣಿಗೆ ಚುಚ್ಚತೊಡಗಿದವು. ಮಾವ ಕೊಡೆ ಬಿಚ್ಚಿದರು. ಸಾಹೇಬರು ಟೋಪಿಯನ್ನು ಮುಖದ ಮೇಲೆಳೆದುಕೊಂಡವರು ಸ್ವಲ್ಪ ಹೊತ್ತಿನಲ್ಲೇ ಗೊರಕೆ ಹೊಡೆಯತೊಡಗಿದರು.

"ಅಳಿಯಂದಿರೇ," ಎಂದರು ಮಾವ, ದನಿ ತಗ್ಗಿಸಿ.

"ಏನು ಮಾವ?"

"ಈಗ ಏನು ಮಾಡಬೇಕು?"

"ಅದನ್ನ ನಿಮ್ಮನ್ನೇ ಕೇಳೋಣ ಅಂತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಮೊದಲು ಕಣ್ಣು ತಪ್ಪಿಸಿದರು. "ನನಗೆ ಮೀನು ಹಿಡಿಯೋಕೆ ಬರೋದಿಲ್ಲ," ಎಂದರು. "ಯಾವತ್ತೂ ಬರ್ತಿರಲಿಲ್ಲ."

ಕತ್ತರಿಯಣ್ಣನಿಗೆ ದೋಣಿ ಒಂದು ಸಲ ಮಗುಚಿ ಮತ್ತೆ ನೆಟ್ಟಗಾದಂತೆ ಅನಿಸಿತು. "ನನಗೂ ಬರೋದಿಲ್ಲ ಮಾವ. ನಾನು ತಂದದ್ದೆಲ್ಲ ಮಾರ್ಕೆಟ್ ಮೀನು."

"ಮತ್ತೆ ಅವತ್ತು ಯಾಕೆ ಹಾಗೆ ಹೇಳಿದಿರಿ?"

"ನೀವು ಮಾತಾಡ್ತಿರಲಿಲ್ಲ. ಅದನ್ನ ಹೇಳಿದ ಕೂಡಲೇ ಮಾತಾಡಿದಿರಿ."

ಮಾವ ನೀರು ನೋಡುತ್ತಾ ಕೂತರು. ಆಮೇಲೆ, ಯಾರಿಗೂ ಹೇಳದ ಸಂಗತಿಯನ್ನು ಹೇಳುವವರಂತೆ ನಿಧಾನವಾಗಿ ಶುರುಮಾಡಿದರು. ಮದುವೆಯಾದ ಹೊಸತು. ಅತ್ತೆ ಒಂದು ದಿನ, ಚಿಕ್ಕವಳಿದ್ದಾಗ ತನ್ನಪ್ಪ ನದಿಯಿಂದ ಮೀನು ಹಿಡಿದು ತರುತ್ತಿದ್ದುದನ್ನು, ಚೀಲದಿಂದ ಬಾಲ ಹೊರಗೆ ಇಣುಕುತ್ತಿದ್ದುದನ್ನು ಹೇಳಿಕೊಂಡು ನಕ್ಕಿದ್ದಳು. ಅದು ಇವರ ಮನಸ್ಸಿನಲ್ಲಿ ಕೂತುಬಿಟ್ಟಿತು. ರಜೆಯ ದಿನ ಗಾಳ ಹಿಡಿದು ನದಿಗೆ ಹೋದರು. ದಿನವಿಡೀ ಕೂತರೂ ಸಿಕ್ಕಿದ್ದು ತಮ್ಮ ಅಂಗಿಯ ತೋಳೊಂದೇ. ವಾಪಸು ಬರುವಾಗ ಬಸ್ ನಿಲ್ದಾಣದ ಪಕ್ಕ ಮೀನಿನ ಅಂಗಡಿ ಕಂಡಿತು.

"ಬಾಲ ಹೊರಗೆ ಕಾಣೋ ಹಾಗೆ ಚೀಲದಲ್ಲಿಟ್ಟುಕೊಂಡು ಹೋದೆ. ಅವಳ ಮುಖ ನೀವು ನೋಡಬೇಕಿತ್ತು. ಅದನ್ನ ನೋಡಿದ ಮೇಲೆ ನಿಜ ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ಪ್ರತಿ ರಜೆಗೂ ಅದೇ. ನದಿ ದಡದಲ್ಲಿ ಕೂತು, ಅಂಗಡಿಗೆ ಹೋಗಿ, ಮನೆಗೆ ಹೋಗೋದು." ಅವರು ಕೊಡೆಯ ಹಿಡಿಯನ್ನು ತಿರುಗಿಸಿದರು. "ಆಸ್ಪತ್ರೇಲಿದ್ದಾಗ ಹೇಳಿಬಿಡಬೇಕು ಅಂತ ಪಕ್ಕದಲ್ಲಿ ಕೂತೆ. ಅವಳೇ, ಹುಷಾರಾಗಿ ಮನೆಗೆ ಹೋದ ಮೇಲೆ ಮೀನು ತನ್ನಿ ಅಂದಳು. ತರ್ತೀನಿ ಅಂದೆ. ಅಷ್ಟೇ. ಮುಗೀತು. ಬದುಕಿಡೀ ನನ್ನನ್ನ ನಂಬಿದವಳಿಗೆ ಮೋಸ ಮಾಡಿ ಕಳಿಸಿದೆ ಅಳಿಯಂದಿರೇ."

ಕತ್ತರಿಯಣ್ಣ ಸರಿದು ಮಾವನ ಪಕ್ಕ ಕೂತು, ಕೊಡೆಯನ್ನು ತಾನು ಹಿಡಿದುಕೊಂಡ. ಇಬ್ಬರೂ ಒಂದು ಕಡೆ ಕೂತದ್ದಕ್ಕೆ ದೋಣಿ ಆ ಕಡೆಗೆ ವಾಲಿತು.

ಮಾವನ ಗಾಳದ ಕೋಲು ಬಾಗಿದ್ದು ಆಗಲೇ.

"ದೋಣಿ ವಾಲಿದ್ದಕ್ಕೆ ಇರಬೇಕು," ಎಂದರು ಮಾವ. ಕೋಲು ಇನ್ನೊಂದು ಸಲ ಬಾಗಿ, ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. "ಅಳಿಯಂದಿರೇ, ಯಾರೋ ಹಿಡ್ಕೊಂಡಿದ್ದಾರೆ."

"ಮೀನು ಮಾವ, ಅದು ಮೀನು. ಬಿಡಬೇಡಿ."

"ಬಿಡಬಾರದೋ, ಬಿಡಬೇಕೋ?"

"ಅದೇ ನನಗೂ ಗೊತ್ತಿಲ್ಲ."

ಸಾಹೇಬರು ಎದ್ದು ಕಣ್ಣುಜ್ಜಿಕೊಂಡು ನೋಡಿದಾಗ, ಮಾವ ಕೋಲು ಹಿಡಿದಿದ್ದರು, ಅಳಿಯ ಮಾವನ ಸೊಂಟ ಹಿಡಿದಿದ್ದ, ಕೊಡೆ ನೀರಲ್ಲಿ ತೇಲಿಕೊಂಡು ಅಣೆಕಟ್ಟಿನ ಕಡೆಗೆ ಹೊರಟಿತ್ತು. "ನಿಧಾನಕ್ಕೆ, ದಾರ ಸಡಿಲ ಬಿಡಿ, ಅದು ಸುಸ್ತಾಗಲಿ" ಎಂದು ಅವರು ಹೇಳಿದರು. ಕೊನೆಗೆ ಮೇಲೆ ಬಂದದ್ದು ಒಂದು ಮೀಸೆಮೀನು. ಕೈಯಗಲಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ದೋಣಿಯ ತಳದಲ್ಲಿ ಬಿದ್ದು ಗೊರ್ ಗೊರ್ ಎಂದು ಸದ್ದು ಮಾಡುತ್ತಾ ಮೂವರನ್ನೂ ನೋಡಿತು. ಮಾವ ಬಾಗಿ ಅದನ್ನೇ ನೋಡಿದರು. ಕಿವಿರು ಬಿಡಿಸಲಿಲ್ಲ, ಹೊಟ್ಟೆ ಒತ್ತಲಿಲ್ಲ.

"ಎಷ್ಟು ನೀಟಾದ ಮೀಸೆ," ಎಂದ ಕತ್ತರಿಯಣ್ಣ. ಕಸುಬಿನವನ ಕಣ್ಣು.

"ಇದು ಏನೋ ಹೇಳ್ತಿದೆ," ಎಂದರು ಮಾವ. "ಅಂಗಡಿಯವು ಏನೂ ಹೇಳ್ತಿರಲಿಲ್ಲ." ನಾಲಿಗೆ ಕಚ್ಚಿಕೊಂಡು, ಸಾಹೇಬರ ಕಡೆ ತಿರುಗಿದರು. "ಬಿಟ್ಟುಬಿಡೋಣ. ಇರೋದೇ ಇಷ್ಟು ನೀರು. ಅದರಲ್ಲಿ ಇದಾದ್ರೂ ಇರಲಿ."

ಸಾಹೇಬರು ಎದ್ದು ನಿಂತು ಟೋಪಿ ತೆಗೆದರು. ಗಾಳ ಬಿಡಿಸಿದವರೂ ಅವರೇ. ಮೀನು ನೀರಿಗೆ ಬಿದ್ದು, ತಳದ ತಂಪಿಗೆ ಇಳಿದುಹೋಯಿತು. ಆಗ ಮಾವನಿಗೆ ನಗು ಬಂತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ದೋಣಿಯೂ ಕುಣಿಯಿತು. ದಡದಲ್ಲಿದ್ದ ದೋಣಿಯಮ್ಮ ಹಣೆಗೆ ಕೈಯಿಟ್ಟುಕೊಂಡು ಇತ್ತ ನೋಡಿದಳು.

ದಡ ಮುಟ್ಟಿದ ಸಾಹೇಬರು ಬೇಕರಿಯವನಿಗೆ ಮೊಳದುದ್ದ ಕೈಯಗಲಿಸಿ ತೋರಿಸಿದರು. ಬೇಕರಿಯವನು ಖಾಲಿ ಬಕೆಟ್ ಹಿಡಿದು ಊರಿಗೆ ಓಡಿದ. ಮಾವ ಅಳಿಯ ಮನೆಗೆ ಬರುವಷ್ಟರಲ್ಲಿ ಊರವರ ಬಾಯಲ್ಲಿ ಮೀನು ಕರುವಿನಷ್ಟಾಗಿತ್ತು.

"ಕರುವಿನಷ್ಟಿತ್ತಂತೆ," ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು. "ಎಲ್ಲಿ?"

"ಅಷ್ಟಿರಲಿಲ್ಲ ಕಣಮ್ಮ," ಎಂದರು ಮಾವ. "ಇಷ್ಟಿತ್ತು. ನಾನೇ ಹಿಡಿದೆ. ಆಮೇಲೆ ಬಿಟ್ಟುಬಿಟ್ಟೆವು."

"ಸರಿ ಸರಿ. ಕೈಕಾಲು ತೊಳ್ಕೊಳ್ಳಿ."

"ನಿಜ ಕಣೇ," ಎಂದ ಕತ್ತರಿಯಣ್ಣ. "ನಾನೇ ನೋಡಿದೆ. ಮೀಸೆ ಇತ್ತು."

ಅವಳು ಇಬ್ಬರನ್ನೂ ನೋಡಿದಳು. ಇಬ್ಬರ ಮೂಗೂ ಬಿಸಿಲಿಗೆ ಕೆಂಪಾಗಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. "ಮುಂಚೆಯೆಲ್ಲ ಕೊಂಡಾದ್ರೂ ತರ್ತಿದ್ರಿ ಅಪ್ಪ. ಈಗ ಬರಿಗೈಯಲ್ಲಿ ಬಂದು ಬಿಟ್ಟುಬಿಟ್ಟೆ ಅಂತೀರಲ್ಲ."

ಒಂದು ಚಪ್ಪಲಿ ಬಿಟ್ಟಿದ್ದ ಮಾವ ಹಾಗೇ ನಿಂತರು. "ಏನಂದೆ?"

ಆಡಿದ್ದು ಅವಳಿಗೂ ಆಮೇಲೆ ಅರ್ಥವಾಯಿತು. ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಅಮ್ಮನಿಗೆ ಗೊತ್ತಿತ್ತಪ್ಪ. ಮೊದಲ ದಿನದಿಂದಲೇ. ನೀವು ತಂದದ್ದು ಸಮುದ್ರದ ಮೀನು. ನದಿಯಲ್ಲಿ ಅದು ಸಿಗೋದಿಲ್ಲ."

ಇನ್ನು ಮತ್ತೆ ಹೂಂ, ಉಹೂಂ ಶುರು ಎಂದುಕೊಂಡ ಕತ್ತರಿಯಣ್ಣ.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅವಳು?" ಎಂದರು ಮಾವ.

"ನಾನೂ ಕೇಳಿದ್ದೆ. ಸುಮ್ನಿರು, ಅವರಿಗೆ ಬೇಜಾರಾಗುತ್ತೆ ಅಂದಳು. ಹಿಡಿದು ತರೋದೇನು ದೊಡ್ಡ ವಿಷಯ, ನೀರಿನ ಪಕ್ಕ ಕೂತವರಿಗೆಲ್ಲ ಒಂದಲ್ಲ ಒಂದು ದಿನ ಸಿಗುತ್ತೆ, ನನಗೆ ಇಷ್ಟ ಅಂತ ರಜೆ ದಿನ ಬಿಸಿಲಲ್ಲಿ ಕೂತು, ಅಷ್ಟು ದೂರ ಹೋಗಿ ಕೊಂಡು ತರೋರು ಯಾರಿದ್ದಾರೆ ಅಂತಿದ್ದಳು."

ಮಾವ ಅಲ್ಲೇ ಹೊಸ್ತಿಲ ಮೇಲೆ ಕೂತರು. "ಅವಳಿಗೆ ಕೋಪ ಇರಲಿಲ್ವಾ?"

"ಒಂದು ಸಲ ಮಾತ್ರ ಬಂದಿತ್ತಂತೆ. ಹೊಟ್ಟೆ ತೆಗೆದು, ತುಂಡು ಮಾಡಿದ ಮೀನು ತಂದು, ನದಿಯಲ್ಲಿ ಹೀಗೇ ಸಿಕ್ತು ಅಂದಿರಂತೆ. ಆವತ್ತು ನಗು ತಡ್ಕೊಳ್ಳೋಕೆ ಆಗದೆ ಹಿತ್ತಲಿಗೆ ಓಡಿಹೋಗಿದ್ದಳಂತೆ. ನೆಟ್ಟಗೆ ನಗೋಕೂ ಬಿಡ್ಲಿಲ್ಲ ಅಂತ ಕೋಪ."

"ಆವತ್ತು ಅಂಗಡೀಲಿ ಬೇರೆ ಇರಲಿಲ್ಲ," ಎಂದರು ಮಾವ. ಹೇಳುತ್ತಿದ್ದ ಹಾಗೇ ಅವರ ತುಟಿ ನಡುಗಿತು. ಅಳುತ್ತಾರೋ ನಗುತ್ತಾರೋ ತಿಳಿಯದೆ ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಮಾವ ಎರಡನ್ನೂ ಒಟ್ಟಿಗೇ ಮಾಡಿದರು. ಮಗಳು ಪಕ್ಕದಲ್ಲಿ ಕೂತು ಅವರ ಬೆನ್ನು ಸವರಿದಳು.

ಬಹಳ ಹೊತ್ತಾದ ಮೇಲೆ ಮಾವ ಮುಖ ಒರೆಸಿಕೊಂಡು ಎದ್ದರು. ಬಿಡದೇ ಉಳಿದಿದ್ದ ಚಪ್ಪಲಿಯ ಜೊತೆ ಇನ್ನೊಂದನ್ನೂ ಮೆಟ್ಟಿದರು.

"ಎಲ್ಲಿಗಪ್ಪ?"

"ಮಾರ್ಕೆಟ್ಟಿಗೆ. ಮೀನು ಕೊಳ್ಳೋಕೆ. ತರ್ತೀನಿ ಅಂತ ಮಾತು ಕೊಟ್ಟಿದ್ದೆ. ಬನ್ನಿ ಅಳಿಯಂದಿರೇ, ಆರಿಸೋದು ನನಗೆ ಚೆನ್ನಾಗಿ ಗೊತ್ತು."

ಕತ್ತರಿಯಣ್ಣ ಚೀಲ ಎತ್ತಿಕೊಂಡ. ಇಬ್ಬರೂ ಬೀದಿಗಿಳಿದು ನಾಲ್ಕು ಹೆಜ್ಜೆ ಹೋಗಿದ್ದರು. ಹಿಂದಿನಿಂದ ಅವಳು ಕೂಗಿದಳು, "ಹೊಟ್ಟೆ ತೆಗೆಸಿ, ತುಂಡು ಮಾಡಿಸ್ಕೊಂಡೇ ಬನ್ನಿ."